ಐದಡಿ ದಾರಿ

ತರಕಾರಿ ಪಾತಿಗಳ ನಡುವೆ ಎಷ್ಟು ಜಾಗ ಬಿಡಬೇಕು ಎಂಬುದರ ಮೇಲೆ ನನ್ನ ಗಂಡನ ಜೀವ ನಿಂತಿದೆ ಎಂದು ಆ ಬೇಸಿಗೆಯಲ್ಲಿ ನಾನು ನಂಬಿದ್ದೆ. ಕೇಳಿದವರಿಗೆ ನಗು ಬಂದರೆ ಬರಲಿ. ಸೊಂಟಕ್ಕೆ ಟೇಪು ಸಿಕ್ಕಿಸಿಕೊಂಡು, ಕೈಯಲ್ಲಿ ಸೀಮೆಸುಣ್ಣ ಹಿಡಿದು ಮನೆಯೆಲ್ಲ ಓಡಾಡುತ್ತಿದ್ದ ನನ್ನನ್ನು ನೋಡಿ ನನ್ನ ಮಗಳೇ ಮೊದಲು ನಕ್ಕಳು, ಆಮೇಲೆ ಹೆದರಿದಳು.

ಡೊಂಬಿವಲಿಯ ನಮ್ಮದು ಟೆರೇಸ್ ಫ್ಲ್ಯಾಟ್. ಮೇಲಿನ ಮಹಡಿ ಸ್ವಲ್ಪ ಹಿಂದಕ್ಕೆ ಸರಿದಿರುವುದರಿಂದ ಕೆಳಗಿನ ಮನೆಯವರ ಛಾವಣಿಯೇ ನಮಗೆ ಅಂಗಳವಾಗಿ ಸಿಕ್ಕಿದೆ. ಹಾಲ್‌ನ ಬಾಗಿಲು ತೆರೆದರೆ ಹದಿನಾರು ಅಡಿ ಉದ್ದ, ಹತ್ತಡಿ ಅಗಲದ ಬಯಲು. ಇಷ್ಟು ವರ್ಷ ಅಲ್ಲಿ ಹಪ್ಪಳ ಒಣಗಿತು, ಬಟ್ಟೆ ಒಣಗಿತು, ಕೆಟ್ಟುಹೋದ ಕೂಲರ್ ತುಕ್ಕು ಹಿಡಿಯಿತು. ನನ್ನವರು ಅಲ್ಲಿ ಕಾಲಿಟ್ಟದ್ದೇ ಅಪರೂಪ. ಬೆಳಕು ಹರಿಯುವ ಮೊದಲೇ ಲೋಕಲ್ ಹಿಡಿದು ಥಾಣೆಗೆ ಹೋದರೆ ಅವರ ಹಗಲೆಲ್ಲ ವಾಗ್ಳೆ ಎಸ್ಟೇಟಿನ ನಮ್ಮ ಹೋಟೆಲಿನಲ್ಲೇ ಕಳೆಯುತ್ತಿತ್ತು. ಮನೆ ಅವರಿಗೆ ನಿದ್ದೆಗೆ ಮಾತ್ರ ಬೇಕಿತ್ತು. ಉಡುಪಿ ಕಡೆಯಿಂದ ಬಂದು ಇಲ್ಲಿ ಹೋಟೆಲು ಇಟ್ಟ ಯಾರ ಮನೆಯ ಹೆಂಗಸನ್ನು ಕೇಳಿದರೂ ಇದೇ ಕತೆ ಹೇಳುತ್ತಾಳೆ.

ಹೋಟೆಲು ದೊಡ್ಡದೇನೂ ಅಲ್ಲ. ಸುತ್ತ ಫ್ಯಾಕ್ಟರಿಗಳು, ಊಟದ ಹೊತ್ತಿಗೆ ಜನ ಒಂದೇ ಸಲ ನುಗ್ಗಿ, ಅರ್ಧ ಗಂಟೆಯಲ್ಲಿ ಖಾಲಿಯಾಗುತ್ತಿದ್ದರು. ಅಷ್ಟರೊಳಗೆ ಎಲ್ಲರ ಹೊಟ್ಟೆ ತುಂಬಿಸಬೇಕೆಂದರೆ ಮೇಜುಗಳ ಜೋಡಣೆ ಸರಿ ಇರಬೇಕು. ಅದು ಇವರ ಹುಚ್ಚು. ಸುಣ್ಣಬಣ್ಣ ಮುಗಿದು ಮೇಜುಗಳನ್ನು ಮತ್ತೆ ಒಳಗಿಡುವ ದಿನ ಇದ್ದವರಲ್ಲಿ ದಪ್ಪನೆಯ ಮಾಣಿಯನ್ನು ಕರೆದು, ಮಣಿಕಟ್ಟಿನಿಂದ ಮೊಣಕೈವರೆಗೆ ಖಾಲಿ ಪ್ಲೇಟು ಜೋಡಿಸಿ, ಎಲ್ಲ ಮೇಜುಗಳ ನಡುವೆ ನಡೆಸುತ್ತಿದ್ದರು. ತಾವು ಗಲ್ಲಾದಲ್ಲಿ ಕೂತು ನೋಡುವುದು. ಅವನ ಮೊಣಕೈ ಎಲ್ಲಾದರೂ ತಾಗಿದರೆ ಆ ಮೇಜು ಒಂದಂಗುಲ ಸರಿಯಿತು. ಮತ್ತೆ ನಡಿಗೆ. ಒಮ್ಮೆ ನಾನು ಅಲ್ಲಿದ್ದೆ. ಗಿರಾಕಿಗಳಿಗೆ ಕಾಲು ಚಾಚಲೂ ಜಾಗವಿಲ್ಲ, ಅವರ ಕಡೆಯೂ ಸ್ವಲ್ಪ ನೋಡಿ ಎಂದು ಮೂಗು ತೂರಿಸಿದೆ.

"ಗಿರಾಕಿ ಇಡ್ಲಿ ತಿಂದು ಎದ್ದು ಹೋಗ್ತಾನೆ. ದಿನವಿಡೀ ನಡೆಯುದು ಮಾಣಿ. ದಾರಿ ಅವನ ಅಳತೆಗೆ ಇರ್ಬೇಕು," ಅಂದರು.

"ನಿಮ್ಮ ಹೊಟ್ಟೆ ಆ ದಾರಿಯಲ್ಲಿ ಹಿಡಿಯುದುಂಟಾ?"

"ಗಲ್ಲಾದಲ್ಲಿ ಕೂತವನಿಗೆ ಎಂಥ ದಾರಿ?" ಎಂದು ಹೊಟ್ಟೆ ಕುಣಿಸಿ ನಕ್ಕಿದ್ದರು. ಮಾಣಿಗಳೂ ನಕ್ಕರು. ಹೋಟೆಲಿನವರ ಮಾತು ಹೋಟೆಲಿನಲ್ಲೇ ಇರಲಿ ಎಂದು ನಾನೂ ಮರೆತುಬಿಟ್ಟೆ.

ಆ ಗಲ್ಲಾದಲ್ಲೇ ಅವರು ಬಿದ್ದದ್ದು. ಯಾರಿಗೋ ಚಿಲ್ಲರೆ ಕೊಡಲು ಕೈ ಚಾಚಿದವರು ಬಲಕ್ಕೆ ವಾಲಿ ಹಾಗೇ ಕುಸಿದರಂತೆ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಅವರ ಮಾತು ಕೇಳುತ್ತಿರಲಿಲ್ಲ. ಮಾತಂತೂ ಹೋಗಿಯೇಬಿಟ್ಟಿತ್ತು. ಗಲ್ಲಾದಲ್ಲಿ ಕೂತು ಹಿಂದಿ, ಮರಾಠಿ, ಕನ್ನಡ, ಗುಜರಾತಿಯವರ ಜೊತೆ ಗುಜರಾತಿ ಆಡುತ್ತಿದ್ದ ಮನುಷ್ಯನಲ್ಲಿ ಉಳಿದದ್ದು ಅವರ ತಾಯಿ ಮಾತಾಡುತ್ತಿದ್ದ ತುಳುವಿನ ಮೂರು ಶಬ್ದ. 'ಇಜ್ಜಿ', ಅಂದರೆ ಇಲ್ಲ. 'ಬೊಡ್ಚಿ', ಬೇಡ. 'ಮುಲ್ಪ', ಇಲ್ಲಿ. ಸೊಳ್ಳೆ ಕಚ್ಚಿದರೆ, ದಿಂಬು ಒತ್ತಿದರೆ ಮೂರನೆಯದು. ಉಳಿದ ಹೊತ್ತೆಲ್ಲ ಮೊದಲಿನ ಎರಡು. ನಾನು ಕನ್ನಡ ಮಾತಾಡುವ ಮನೆಯಿಂದ ಬಂದವಳು. ಮದುವೆಯಾದಂದಿನಿಂದ ಅವರು ತುಳುವಿನಲ್ಲಿ ಕೇಳುವುದು, ನಾನು ಕನ್ನಡದಲ್ಲಿ ಉತ್ತರ ಕೊಡುವುದು. ಈಗ ನಾನೊಬ್ಬಳೇ ವಟವಟ ಮಾತಾಡುತ್ತಿದ್ದೆ.

ಕಲ್ಯಾಣದಿಂದ ಫಿಜಿಯೋಥೆರಪಿಯ ಹುಡುಗಿ ಬರುತ್ತಿದ್ದಳು. ಮರಾಠಿಯವಳು, ನಮ್ಮನ್ನು ಕಾಕಾ, ಕಾಕೂ ಎನ್ನುತ್ತಿದ್ದಳು. ಕೈಕಾಲು ಎಳೆದು, ಬಗ್ಗಿಸಿ, ಬೆವರು ಒರೆಸಿಕೊಂಡು ಒಂದು ದಿನ ನನ್ನನ್ನು ಅಡುಗೆಮನೆಗೆ ಕರೆದಳು. "ಕಾಕೂ, ಪಾಯಾತ್ ತಾಕದ್ ಆಹೆ. ಮನಾತ್ ನಾಹೀ." ಕಾಲಿನಲ್ಲಿ ಶಕ್ತಿ ಇದೆ, ಮನಸ್ಸಿನಲ್ಲಿ ಇಲ್ಲ. ಅವರು ಎದ್ದು ನಿಲ್ಲಬಲ್ಲರು, ಹಿಡಿದುಕೊಂಡು ನಡೆಯಲೂಬಲ್ಲರು, ಆದರೆ ಏಳುವುದಿಲ್ಲ. ಈ ಮೊದಲ ಕೆಲವು ತಿಂಗಳು ಹೀಗೇ ಕಳೆದರೆ ಆಮೇಲೆ ಏಳಬೇಕೆಂದರೂ ಏಳಲಾಗುವುದಿಲ್ಲ. ಏಳುವುದಕ್ಕೆ ಅವರಿಗೊಂದು ಕಾರಣ ಬೇಕು, ಹುಡುಕಿ, ಅಂದಳು. ಔಷಧದಂಗಡಿಗೆ ಚೀಟಿ ಬರೆದುಕೊಟ್ಟಷ್ಟು ಸುಲಭವಾಗಿ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದಳು.

ಕಾರಣವನ್ನು ನಾನು ಎಲ್ಲಿಂದ ತರಲಿ? ಹೋಟೆಲು ಮುಚ್ಚಿ ಆಗಿತ್ತು. ಜಾಗದವರು ಬೇರೆಯವರಿಗೆ ಕೊಟ್ಟೂ ಆಗಿತ್ತು. ಯಕ್ಷಗಾನದ ವೀಡಿಯೊ ಹಾಕಿದರೆ ಮುಖ ಗೋಡೆ ಕಡೆ. ಹಳೆಯ ಸ್ನೇಹಿತರು ಬಂದರೆ ಕಣ್ಣು ಮುಚ್ಚಿ ನಿದ್ದೆಯ ನಾಟಕ. ಬೆಳಗ್ಗೆ ಅವರನ್ನು ವೀಲ್‌ಚೇರಿಗೆ ಕೂರಿಸುವುದು, ಸಂಜೆ ಮಂಚಕ್ಕೆ ಇಳಿಸುವುದು, ನಡುವೆ ಅವರು ನೆಲ ನೋಡುವುದು, ನಾನು ಅವರನ್ನು ನೋಡುವುದು. ನನಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ಸಿಟ್ಟು, ಅದರ ಅಡಿಯಲ್ಲಿ ಬರೀ ಭಯ. ಅವರು ಹೀಗೆ ಕೂತಲ್ಲೇ ಕರಗಿಹೋಗುತ್ತಾರೆ ಎಂದು ನನಗೆ ಖಾತ್ರಿಯಾಗತೊಡಗಿತ್ತು.

ಅಂಥದರಲ್ಲಿ ಬಸಳೆ ಬಂತು. ಮಾರ್ಕೆಟ್ಟಿನಿಂದ ತಂದ ಬಸಳೆಯ ದಂಟೊಂದನ್ನು ಸಾರಿಗೆ ಹಾಕದೆ ಪೇಂಟಿನ ಬಕೆಟ್ಟಿನಲ್ಲಿ ಚುಚ್ಚಿ ಬಾಗಿಲ ಹೊರಗೆ ಇಟ್ಟಿದ್ದೆ. ಚಿಗುರಿತು. ಒಂದು ಬೆಳಗ್ಗೆ ನಾನು ಪಾತ್ರೆ ತೊಳೆಯುತ್ತಾ ಕಣ್ಣು ಹಾಯಿಸಿದರೆ ಇವರು ವೀಲ್‌ಚೇರಿನಿಂದ ಬಗ್ಗಿ, ಎಡಗೈ ಚಾಚಿ, ಅದರ ಹಳದಿ ಎಲೆಯೊಂದನ್ನು ಕಿತ್ತು ಹಾಕುತ್ತಿದ್ದರು. ಬೀಳುತ್ತಾರೇನೋ ಎಂದು ಜೀವ ಬಾಯಿಗೆ ಬಂತು. ಆದರೂ ಓಡಲಿಲ್ಲ. ಅಡುಗೆಮನೆಯಲ್ಲೇ ನಿಂತೆ. ನಳ ಹರಿಯುತ್ತಲೇ ಇತ್ತು. ಅಷ್ಟು ದಿನದಲ್ಲಿ ಅವರು ತಾವಾಗಿ ಮಾಡಿದ ಮೊದಲ ಕೆಲಸ ಅದು.

ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಹಿಡಿಯಲು ಬೇರೇನೂ ಇರಲಿಲ್ಲ.

ತೋಟ ಮಾಡುವುದು, ಆದರೆ ನೆಲದಲ್ಲಲ್ಲ, ಎತ್ತರದಲ್ಲಿ. ಪಾತಿ ನಿಂತವರ ಸೊಂಟದ ಮಟ್ಟಕ್ಕೆ ಇರಬೇಕು. ಕೂತವರಿಗೆ ಗಿಡದ ತುದಿ ಕಾಣಬೇಕು, ಬುಡ ಕಾಣಬಾರದು. ಬುಡ ಮುಟ್ಟಬೇಕಾದರೆ ಏಳಲೇಬೇಕು. ಇದು ನನ್ನ ಹುನ್ನಾರ. ಎತ್ತರಕ್ಕೆ ಏನು ಮಾಡಲಿ ಎಂದು ಯೋಚಿಸುತ್ತಿದ್ದಾಗ ಹೋಟೆಲಿನ ಮೇಜುಗಳ ನೆನಪಾಯಿತು. ಎಲ್ಲ ಮಾರಿ ಉಳಿದ ಆರು, ಹತ್ತಿರದ ದಿವಾದಲ್ಲಿ ನಮ್ಮ ಹಳೆಯ ಅಡುಗೆಯವರ ಚಾಳಿನ ಹಿಂದೆ ಪ್ಲಾಸ್ಟಿಕ್ ಹೊದ್ದು ಬಿದ್ದಿದ್ದವು. ಟೆಂಪೋ ಹಾಕಿ ತರಿಸಿದೆ. ಮೇಲಿನ ಕಲ್ಲು ತೆಗೆಸಿ, ಕಬ್ಬಿಣದ ಚೌಕಟ್ಟಿಗೆ ಅಡ್ಡಪಟ್ಟಿ ಬೆಸುಗೆ ಹಾಕಿಸಿದೆ. ಅದರ ಮೇಲೆ ಟೊಮೆಟೊ ತುಂಬುವಂಥ ಪ್ಲಾಸ್ಟಿಕ್ ಕ್ರೇಟುಗಳು, ಒಂದು ಮೇಜಿಗೆ ನಾಲ್ಕು, ಒಳಗೆ ಹಸಿರು ಬಲೆ. ಒಂದೊಂದು ಮೇಜೂ ನಾಲ್ಕಡಿ ಉದ್ದ, ಎರಡೂವರೆ ಅಡಿ ಅಗಲದ ಪಾತಿ.

ಟೆಂಪೋ ಬಂದದ್ದೇ ಸೊಸೈಟಿಯ ಸೆಕ್ರೆಟರಿ ಮೇಲೆ ಬಂದರು. ಕೆಳಗಿನ ಮನೆಯೂ ಅವರದೇ, ಅಂದರೆ ನಮ್ಮ ತೋಟ ಅವರ ತಲೆಯ ಮೇಲೆಯೇ. "ವಹಿನೀ, ಲೀಕೇಜ್ ಝಾಲಾ ತರ್ ಮೀ ಕುಠೆ ಜಾಊ?" ಸೋರಿದರೆ ನಾನೆಲ್ಲಿಗೆ ಹೋಗಲಿ ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಮಣ್ಣು ಹಾಕುವುದಿಲ್ಲ, ಹಗುರದ ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ ಮಾತ್ರ. ಮೇಜಿನ ಕಾಲಿಗೆ ರಬ್ಬರು. ನೀರು ಹೋಗುವ ತೂತಿನ ಕಡೆಯ ಇಳಿಜಾರಿಗೆ ಏನನ್ನೂ ಅಡ್ಡ ಇಡುವುದಿಲ್ಲ ಎಂದು ಕೈಮುಗಿದೆ. ಅವರು ವೀಲ್‌ಚೇರಿನ ಕಡೆ ಒಮ್ಮೆ ನೋಡಿ ತಲೆ ಕೆರೆದುಕೊಂಡು ಇಳಿದುಹೋದರು.

ಆಮೇಲೆ ನಕ್ಷೆ. ಮೇಜು ಎಲ್ಲಿ, ದಾರಿ ಎಲ್ಲಿ. ಇವರು ಮಧ್ಯಾಹ್ನ ಮಲಗಿದ ಹೊತ್ತಿನಲ್ಲಿ ಅವರ ವೀಲ್‌ಚೇರಿನಲ್ಲಿ ನಾನೇ ಕೂತು ಟೆರೇಸಿನ ಮೇಲೆ ಚಕ್ರ ತಳ್ಳಿದೆ. ಎಲ್ಲಿ ತಿರುಗುತ್ತದೆ, ಎಲ್ಲಿ ಹಿಡಿಯುತ್ತದೆ, ತಿರುಗುವಾಗ ಹಿಂದಿನ ಚಕ್ರ ಎಷ್ಟು ಜಾಗ ತಿನ್ನುತ್ತದೆ, ಎಲ್ಲ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಮಗಳು ಬೇಲಾಪುರದ ಆಫೀಸಿನಿಂದ ಬೇಗ ಬಂದವಳು ಬಾಗಿಲಲ್ಲಿ ಬ್ಯಾಗು ಹಿಡಿದೇ ನಿಂತಿದ್ದಳು. ಬಿಸಿಲಲ್ಲಿ, ತಲೆ ಕೆದರಿಕೊಂಡು, ಗಂಡನ ವೀಲ್‌ಚೇರಿನಲ್ಲಿ ಸುತ್ತು ಹೊಡೆಯುತ್ತಿದ್ದ ಅಮ್ಮನನ್ನು ನೋಡಿದರೆ ಯಾರಿಗಾದರೂ ಏನನ್ನಿಸಬೇಕು?

"ಅಮ್ಮ, ಯೇ ಕ್ಯಾ ಚಲ್ ರಹಾ ಹೈ?" ಏನಿದು ಎಂದು ನಕ್ಕಳು. ನಾನು ನಗಲಿಲ್ಲ. ಅವಳ ನಗು ನಿಂತಿತು. "ಪಪ್ಪಾ ನಹೀ ಉಠೇಂಗೇ ತೋ? ಎದ್ದಿಲ್ಲಾಂದ್ರೆ ಏನ್ ಮಾಡ್ತೀ ನೀನು?"

"ಏಳ್ತಾರೆ."

"ಲೇಕಿನ್ ಅಮ್ಮ..."

"ಏಳ್ತಾರೆ ಅಂತ ಹೇಳಿದೆನಲ್ಲ. ಟೇಪಿನ ಆ ತುದಿ ಹಿಡಿ."

ನನ್ನ ಲೆಕ್ಕ ಹೀಗಿತ್ತು. ಎರಡು ಗೋಡೆಗೂ ಒತ್ತಿ ಮೂರು ಮೂರು ಮೇಜಿನ ಎರಡು ಸಾಲು. ನಡುವೆ ಐದಡಿ ಅಗಲದ ಒಂದೇ ದಾರಿ. ವೀಲ್‌ಚೇರು ಸಲೀಸಾಗಿ ಹೋಗುತ್ತದೆ, ತುದಿಯಲ್ಲಿ ತಿರುಗುತ್ತದೆ. ಸಾಲಿನೊಳಗೆ ಮೇಜಿಗೂ ಮೇಜಿಗೂ ಸಂದು ಇಲ್ಲ, ಅಂಚು ಎಲ್ಲೂ ತಪ್ಪಬಾರದು. ಯಾಕೆಂದರೆ ಅವರು ಎದ್ದ ದಿನ ಎಡಗೈಯಿಂದ ಆ ಅಂಚನ್ನೇ ಹಿಡಿದು ನಡೆಯಬೇಕು. ಹೋಗುವಾಗ ಎಡಗೈಗೆ ಒಂದು ಸಾಲು, ತಿರುಗಿ ಬರುವಾಗ ಅದೇ ಎಡಗೈಗೆ ಇನ್ನೊಂದು ಸಾಲು. ಫಿಜಿಯೋಥೆರಪಿಯ ಹುಡುಗಿಗೆ ತೋರಿಸಿದಾಗ ಅವಳು "ಅಯ್ಯೋ ಕಾಕೂ" ಎಂದು ನನ್ನ ಕೈ ಹಿಡಿದುಕೊಂಡಳು. ನನಗೆ ಅಳು ಬಂತು. ಉತ್ತರದ ಕಡೆ ಅಲಸಂಡೆ, ಹಗ್ಗ ಹತ್ತಿಸಿದರೆ ಅದರ ನೆರಳು ಗೋಡೆಗೆ ಬೀಳುತ್ತದೆ. ಗುಳ್ಳಬದನೆ ಕ್ರೇಟಿಗೆ ಒಂದೇ ಗಿಡ; ಆಸೆಬುರುಕರಂತೆ ಎರಡಿಟ್ಟರೆ ಎರಡೂ ಬರೀ ಎಲೆ ಬಿಟ್ಟು ಕೂರುತ್ತವೆ. ಬೆಂಡೆ ಎರಡು, ಮೆಣಸು ಎರಡು, ಹರಿವೆ ಸುಮ್ಮನೆ ಉದುರಿಸುವುದು. ಪಶ್ಚಿಮಕ್ಕೆ ಎದ್ದಿರುವ ಹೊಸ ಟವರು ಮಧ್ಯಾಹ್ನದ ನಂತರದ ಬಿಸಿಲನ್ನೆಲ್ಲ ನುಂಗುತ್ತದೆ, ಆದ್ದರಿಂದ ಬೆಳಗಿನ ಬಿಸಿಲು ಬೀಳುವಲ್ಲಿ ಗುಳ್ಳ. ಇಷ್ಟೆಲ್ಲ ತಲೆಯಲ್ಲಿ ಬರೆದಿಟ್ಟುಕೊಂಡಿದ್ದೆ.

ಖಾಲಿ ಕ್ರೇಟಿನ ಮೇಜುಗಳನ್ನು ಗೆರೆಯ ಮೇಲೆ ಇಟ್ಟು, ಬೆಳಗ್ಗೆ ಅವರನ್ನು ಬಾಗಿಲಿಗೆ ತಂದೆ. ಮೇಜುಗಳನ್ನು ಕಂಡದ್ದೇ ಅವರ ಕುತ್ತಿಗೆ ನೆಟ್ಟಗಾಯಿತು. ಗುರುತು ಸಿಕ್ಕಿತ್ತು. ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ನೋಡಿದರು. ಆಮೇಲೆ ಎಡಗೈಯಿಂದ ವೀಲ್‌ಚೇರಿನ ಕೈಗೆ ಬಡಿದು, "ಇಜ್ಜಿ!" ಅಂದರು.

ಎಂಥ ಜೋರು! ತಿಂಗಳುಗಳ ನಂತರ ಅದು ಗಲ್ಲಾದ ದನಿ. ನನಗೆ ಕುಣಿಯುವಷ್ಟು ಖುಷಿ. "ಎಂತ ಇಜ್ಜಿ? ಹೇಳಿ ಮಾರಾಯ್ರೆ, ಎಂತ ಸರಿ ಇಲ್ಲ?" ಬೆರಳು ತೋರಿಸಿದರು. ಗೋಡೆಗೆ ಒತ್ತಿದ ಮೇಜನ್ನು ಈಚೆ ಎಳೆಯಬೇಕು. ಎಳೆದೆ. ಇನ್ನೊಂದು. ಎಳೆದೆ. ಅದರ ಮರುದಿನವೂ ಅದೇ ಕೆಲಸ. ಬೆಳಗ್ಗೆ ಚಾ ಕುಡಿದದ್ದೇ ಬಾಗಿಲ ಕಡೆ ಮುಖ. ನಾನು ಎಳೆಯುವುದು, ಅವರು ಗದರುವುದು. ಒಂದಂಗುಲ ಆಚೆ, ಅರ್ಧ ಅಂಗುಲ ಈಚೆ. ಒಂದು ದಿನ ಒಳಗಿದ್ದ ಹೋಟೆಲಿನ ಸ್ಟೀಲು ಹರಿವಾಣ ತೋರಿಸಿ, ಅದನ್ನು ಸೊಂಟಕ್ಕೆ ಇಟ್ಟುಕೊಂಡು ನಡಿ ಎಂದು ಸನ್ನೆ ಮಾಡಿದರು. ನಡೆದೆ. ಹರಿವಾಣ ಮೇಜಿಗೆ ತಾಗಿ ಠಣ್ ಎಂದಿತು. ಇಜ್ಜಿ. ಸರಿಸಿ ಮತ್ತೆ ನಡೆದೆ. ಮಾಣಿಯ ಆಟ ಆಡುತ್ತಿದ್ದಾರೆ, ಆಡಲಿ, ಇದರಿಂದಾದರೂ ಎದ್ದರೆ ಸಾಕು ಎಂದುಕೊಂಡೆ. ಆ ವಾರ ಅವರು ಅನ್ನ ಬೇಡವೆನ್ನದೆ ಉಂಡರು. ಮಗಳ ಹತ್ತಿರ, ನೋಡಿದೆಯಾ, ಎಂದು ಬೀಗಿದೆ.

ಅವರ ಜೋಡಣೆ ಮುಗಿದ ದಿನ ಟೇಪು ಹಿಡಿದು ನೋಡಿದೆ. ನನ್ನ ಐದಡಿಯನ್ನು ಅವರು ಮೂರು ಪಾಲು ಮಾಡಿದ್ದರು. ಎರಡು ಗೋಡೆಯ ಪಕ್ಕ ಒಂದೊಂದು ದಾರಿ, ನಡುವೆ ಇನ್ನೊಂದು. ಒಂದೊಂದೂ ಒಂದೂ ಮುಕ್ಕಾಲು ಅಡಿಯಷ್ಟೂ ಇಲ್ಲ. ವೀಲ್‌ಚೇರು ಯಾವುದರಲ್ಲೂ ಹೋಗುವುದಿಲ್ಲ, ಬಾಗಿಲಲ್ಲೇ ನಿಂತುಬಿಡುತ್ತದೆ. ಮೇಜುಗಳ ನಡುವೆಯೂ ಸಂದು ಬಿಡಿಸಿದ್ದರು. ಅಂಚು ಹಿಡಿದು ನಡೆಯುವವನ ಒಂದೇ ಕೈ ಅಲ್ಲಿ ತಪ್ಪುತ್ತದೆ.

"ಇದು ಹೋಟೆಲ್ ಅಲ್ಲ," ಎಂದೆ. "ನೀವು ಒಳಗೆ ಬರುದು ಹೇಗೆ? ನಿಮ್ಮ ಕುರ್ಚಿ ಹೋಗುದು ಎಲ್ಲಿ?"

"ಬೊಡ್ಚಿ," ಅಂದರು. ಬೇಡ.

"ಎಂತ ಬೇಡ? ಇಷ್ಟೆಲ್ಲ ಮಾಡಿದ್ದು ಯಾರಿಗೆ? ನನಗೆ ಹರಿವೆ ತಿನ್ನಲಿಕ್ಕಾ? ಮಾರ್ಕೆಟ್ಟಲ್ಲಿ ಸಿಗುದಿಲ್ವಾ ಹರಿವೆ?" ಕೂಗಿದೆ. ನೆರೆಯವರ ಕಿಟಕಿ ತೆರೆಯಿತು, ತೆರೆಯಲಿ. ಅವರು ಮುಖ ಗೋಡೆ ಕಡೆ ತಿರುಗಿಸಿದರು. ನಾನು ಹಲ್ಲು ಕಚ್ಚಿ ಒಂದೊಂದೇ ಮೇಜನ್ನು ಎಳೆದು ಮತ್ತೆ ಗೋಡೆಗೆ ಒತ್ತಿದೆ. ಕಬ್ಬಿಣ ನೆಲಕ್ಕೆ ಉಜ್ಜುವ ಸದ್ದಿಗೆ ಸೆಕ್ರೆಟರಿ ಕೆಳಗಿನಿಂದ ಏನೋ ಅಂದರು.

ಅಂದಿನಿಂದ ಊಟ ನಿಂತಿತು. ಗಂಜಿ ಕೊಟ್ಟರೆ ತುಟಿ ಬಿಗಿ. ಮಗಳು ರಜೆ ಹಾಕಿ ಕೂತು, "ಪಪ್ಪಾ, ಪ್ಲೀಸ್, ಥೋಡಾ ತಿನ್ನಿ" ಎಂದು ಅತ್ತಳು. ಒಂದು ಚಮಚವೂ ಒಳಗೆ ಹೋಗಲಿಲ್ಲ. ಫಿಜಿಯೋಥೆರಪಿಯ ಹುಡುಗಿ ಅವರ ಕಾಲು ಮುಟ್ಟಿ ನೋಡಿ ನನ್ನ ಮುಖ ನೋಡದೆ ಹೋದಳು. ನಾನು ಟೆರೇಸಿನ ಬಾಗಿಲಲ್ಲಿ ಕೂತೆ. ನನ್ನ ಐದಡಿ ದಾರಿ ಅಷ್ಟುದ್ದಕ್ಕೆ ಖಾಲಿ ಬಿದ್ದಿತ್ತು. ಅದರಲ್ಲಿ ನಡೆಯಬೇಕಾದವರು ಒಳಗೆ ಹೊಟ್ಟೆ ಕಟ್ಟಿಕೊಂಡು ಮಲಗಿದ್ದರು. ಈ ದಾರಿ ಇಟ್ಟುಕೊಂಡು ಮಾಡುವುದೇನು? ದೇವರೇ, ಅವರು ಬದುಕಿದರೆ ಸಾಕು, ನಡೆಯುವುದು ಆಮೇಲೆ ಎಂದುಕೊಂಡೆ. ನಾನು ಸೋತೆ.

ಅವರನ್ನು ಮತ್ತೆ ಬಾಗಿಲಿಗೆ ತಂದು, "ಆಯ್ತು. ನೀವು ಹೇಳಿದ ಹಾಗೆಯೇ. ತೋರಿಸಿ," ಎಂದೆ. ಅವರು ತೋರಿಸಿದರು, ನಾನು ಎಳೆದೆ. ಹರಿವಾಣ ಹಿಡಿದು ಮತ್ತೆ ನಡೆದೆ. ಮಧ್ಯಾಹ್ನ ಅವರು ಗಂಜಿ ಕುಡಿದರು.

ಕ್ರೇಟು ತುಂಬುವುದು ದೂರದ ತುದಿಯಿಂದ ಶುರುವಾಯಿತು. ತುಂಬಿದ ಮೇಜನ್ನು ಮತ್ತೆ ಅಲುಗಿಸಲಾಗುವುದಿಲ್ಲ, ಆದ್ದರಿಂದ ಪ್ರತಿ ಚೀಲ ಸುರಿಯುವಾಗಲೂ ನನಗೆ ಒಳಗೊಳಗೆ ಸಂಕಟ. ಯಾವುದರಲ್ಲಿ ಏನು ಎಂದೂ ಅವರೇ ಬೀಜದ ಪೊಟ್ಟಣ ತೋರಿಸಿ ಹೇಳಿದರು. ನಿಧಾನಕ್ಕೆ ಕಾಯಿ ಬಿಡುವ ಗುಳ್ಳ, ಅಲಸಂಡೆ ದೂರಕ್ಕೆ. ಬೆಂಡೆ ನಡುವೆ. ದಿನಾ ಚಿವುಟುವ ಹರಿವೆ, ಮೆಣಸು, ಕೊತ್ತಂಬರಿ ಬಾಗಿಲ ಹತ್ತಿರ. ಬೇಗ ಎದ್ದುಹೋಗುವ ಗಿರಾಕಿಯನ್ನು ಅಡುಗೆಮನೆಯ ಹತ್ತಿರದ ಮೇಜಿಗೂ, ಹೆಂಡತಿ ಮಕ್ಕಳ ಜೊತೆ ಬಂದವರನ್ನು ಹಿಂದಿನ ಮೇಜಿಗೂ ಕೂರಿಸುತ್ತಿದ್ದ ಅದೇ ಪದ್ಧತಿ. ಬುದ್ಧಿ ಒಂದಿಷ್ಟೂ ಮಂಕಾಗಿಲ್ಲವಲ್ಲ ಎಂದು ಸಮಾಧಾನವೂ ಆಯಿತು, ಹೊಟ್ಟೆಯೂ ಉರಿಯಿತು.

ಗುಳ್ಳದ ಸಸಿ ನೆಡುವ ಬೆಳಗ್ಗೆ. ಸಸಿಗಳನ್ನು ಹರಿವಾಣದಲ್ಲಿ ತುಂಬಿ ಸೊಂಟಕ್ಕೆ ಇಟ್ಟುಕೊಂಡು ಹೊರಟೆ. ನಾನೇನು ಸಣ್ಣಗಿನವಳಲ್ಲ, ಹರಿವಾಣವೂ ಅಗಲದ್ದು. ಆದರೂ ಎಲ್ಲೂ ತಾಗಲಿಲ್ಲ. ನನ್ನ ಎಡ ಮಂಡಿ ಕೆಟ್ಟು ವರ್ಷಗಳಾಗಿವೆ. ತಿರುಗುವಾಗ ಏನನ್ನಾದರೂ ಹಿಡಿಯಲೇಬೇಕು. ತಿರುಗಿದಲ್ಲೆಲ್ಲ ಕೈಗೆ ಒಂದು ಅಂಚು ಸಿಕ್ಕಿತು. ಮೇಜಿನ ಎರಡೂ ಕಡೆ ದಾರಿ ಇದ್ದುದರಿಂದ ಯಾವ ಕ್ರೇಟಿಗೂ ಮೈ ಚಾಚಬೇಕಾಗಲಿಲ್ಲ. ನಡುವಿನ ದಾರಿಯಲ್ಲಿ ಹೋಗಿ, ಗೋಡೆಯ ಪಕ್ಕದ ದಾರಿಯಲ್ಲಿ ಮರಳಿ, ಮೂಲೆಯಲ್ಲಿಟ್ಟ ನೀರಿನ ಡ್ರಮ್ಮಿಗೆ ಕೈ ಹಾಕಿದರೆ ಅದು ಸರಿಯಾಗಿ ಕೈಗೇ ಬಂತು. ದೂರದ ತುದಿಯಲ್ಲಿ ನಿಂತು ತಿರುಗಿ ನೋಡಿದೆ. ಇವರು ಹೊಸ್ತಿಲ ಒಳಗೆ ಕುರ್ಚಿಯಲ್ಲಿ ಕೂತಿದ್ದರು. ಆ ಜಾಗದಿಂದ ಮೂರೂ ದಾರಿ ಕೊನೆಯವರೆಗೆ ಕಾಣುತ್ತಿದ್ದವು. ನನ್ನ ಕೈಯನ್ನೇ, ನನ್ನ ಮಂಡಿಯನ್ನೇ ನೋಡುತ್ತಿದ್ದರು. ದಪ್ಪ ಮಾಣಿಯನ್ನು ನಡೆಸುವಾಗಿನ ಅದೇ ನೋಟ.

ಆಗ ಹೊಳೆಯಿತು. ದಾರಿ ನಡೆಯುವವರ ಅಳತೆಗೆ ಇತ್ತು. ನಡೆಯುವವಳು ನಾನು. ಅಷ್ಟೂ ದಿನ ಅವರು ಅಳೆದದ್ದು ನನ್ನನ್ನೇ. ಅವರು ಜೀವಕ್ಕೆ ಮರಳುತ್ತಿದ್ದಾರೆ ಎಂದು ನಾನು ಹಿಗ್ಗುತ್ತಿದ್ದ ವಾರವಿಡೀ, ಅವರು ಇನ್ನು ಏಳುವುದಿಲ್ಲವೆಂದು ತೀರ್ಮಾನಿಸಿ ನನಗೊಂದು ವ್ಯವಸ್ಥೆ ಮಾಡಿಕೊಡುತ್ತಿದ್ದರು.

ಹರಿವಾಣವನ್ನು ಅಲ್ಲೇ ಗುಳ್ಳದ ಮೇಜಿನ ಮೇಲಿಟ್ಟೆ. ಅಲ್ಲಿಂದಲೇ ಕೂಗಿ ಕೇಳಿದೆ. "ಮತ್ತೆ ನಿಮಗೆ? ನಿಮಗೆ ದಾರಿ ಎಲ್ಲುಂಟು?"

ಅವರು ಎಡಗೈ ಎತ್ತಿ, ಕುರ್ಚಿಯ ಕೈಯ ಮೇಲೆ ಮೆಲ್ಲಗೆ ಇಟ್ಟರು.

"ಮುಲ್ಪ," ಅಂದರು. ಇಲ್ಲಿ.

ಮಂಡಿಯ ನೋವು ಮರೆತು ಎರಡು ಮೇಜುಗಳ ನಡುವೆ ನೆಲಕ್ಕೆ ಕೂತುಬಿಟ್ಟೆ. ಅಲ್ಲಿ ಕೂತರೆ ಬಾಗಿಲಿಗೆ ಕಾಣುವುದಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಸಿಟ್ಟೋ ಪ್ರೀತಿಯೋ ಗೊತ್ತಾಗಲಿಲ್ಲ. ಎದ್ದು ಹೋಗಿ ಅವರ ಅಂಗಿ ಹಿಡಿದು ಅಲುಗಾಡಿಸಬೇಕು ಅನ್ನಿಸಿತು. ನನಗೆ ಬೇಕಾದದ್ದು ಈ ಅನುಕೂಲವಲ್ಲ, ನೀವು, ಎಂದು ಹೇಳಬೇಕಿತ್ತು. ಎದ್ದು ಸಸಿಗಳನ್ನು ನೆಟ್ಟೆ, ಕ್ರೇಟಿಗೆ ಒಂದರಂತೆ.

ಈಗ ಮಳೆ ಹಿಡಿದಿದೆ. ಅಲಸಂಡೆ ಹಗ್ಗ ಹತ್ತಿದೆ, ಗುಳ್ಳ ಹೂ ಬಿಟ್ಟಿದೆ, ಸೆಕ್ರೆಟರಿಯ ಮನೆ ಸೋರಿಲ್ಲ. ಇವರು ಎದ್ದಿಲ್ಲ. ಫಿಜಿಯೋಥೆರಪಿಯ ಹುಡುಗಿ ಈಗಲೂ ಬರುತ್ತಾಳೆ, ಕಾಲು ಎಳೆಯುತ್ತಾಳೆ, ಆದರೆ ಮೊದಲಿನಂತೆ ಏನನ್ನೂ ಹೇಳುವುದಿಲ್ಲ. ನಾನೂ ಕೇಳುವುದಿಲ್ಲ.

ಬಾಗಿಲ ಹತ್ತಿರ, ಎಡಗಡೆಯ ಮೊದಲ ಮೇಜನ್ನು ಮಾತ್ರ ನಾನು ತುಂಬಿಲ್ಲ. ಐದು ಮೇಜು ಹಸಿರಾಗಿವೆ, ಅದೊಂದರಲ್ಲಿ ಖಾಲಿ ಕ್ರೇಟುಗಳು. ಮಳೆ ಬಿಡುವು ಕೊಟ್ಟ ಬೆಳಗ್ಗೆಯೆಲ್ಲ ಅದನ್ನು ಗೋಡೆಗೆ ತಳ್ಳುತ್ತೇನೆ. ಒಂದು ಮೇಜಿನಷ್ಟು ದೂರಕ್ಕೆ ಮೂರಡಿಗಿಂತ ಸ್ವಲ್ಪ ಹೆಚ್ಚು ಜಾಗವಾಗುತ್ತದೆ. ಅವರ ಕುರ್ಚಿಯನ್ನು ಹೊಸ್ತಿಲು ದಾಟಿಸಿ, ಎರಡನೆಯ ಮೇಜಿನ ಅಂಚು ಅವರ ಎಡಗೈಗೆ ಸಿಗುವಲ್ಲಿ ನಿಲ್ಲಿಸಿ, ಬ್ರೇಕು ಹಾಕಿ, ನಾನು ದೂರ ಹೋಗಿ ಬೆನ್ನು ಮಾಡಿ ಗಿಡ ನೋಡುತ್ತಿರುತ್ತೇನೆ. ಕಿವಿ ಮಾತ್ರ ಹಿಂದಕ್ಕಿರುತ್ತದೆ. ಕುರ್ಚಿ ಕಿರ್ ಎಂದರೆ ಸಾಕು, ಎದೆ ಹೊಡೆದುಕೊಳ್ಳುತ್ತದೆ. ತಿರುಗಿ ನೋಡಿದರೆ ಅವರು ಸುಮ್ಮನೆ ಕೂತಲ್ಲಿ ಹೊರಳಿರುತ್ತಾರೆ. ಬಿಸಿಲೇರುವಾಗ ಮತ್ತೆ ಒಳಗೆ ತರುತ್ತೇನೆ.

ಕೊತ್ತಂಬರಿ ಬೀಜದ ಪೊಟ್ಟಣವನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡೇ ಇರುತ್ತಾರೆ. ಒಳಗೆ ಬಂದದ್ದೇ ಅದನ್ನು ಎತ್ತಿ ತೋರಿಸಿ, ಗದ್ದದಿಂದ ಆ ಖಾಲಿ ಮೇಜಿನ ಕಡೆ ಸನ್ನೆ ಮಾಡುತ್ತಾರೆ. ಅದನ್ನೂ ತುಂಬಿಸು, ಮುಗಿಸು ಎಂದು. ದಿನಾ ಕೇಳುತ್ತಾರೆ. ಮೊದಮೊದಲು ಗದರುತ್ತಿದ್ದರು, ಈಗ ಬೇಡುವವರ ಹಾಗೆ ನೋಡುತ್ತಾರೆ.

ನಾನು ಪೊಟ್ಟಣವನ್ನು ಅವರ ತೊಡೆಯ ಮೇಲೆ ವಾಪಸು ಇಟ್ಟು ಹೇಳುತ್ತೇನೆ, "ಇಜ್ಜಿ."